ಕೆಂಚಿ ಚಿಲಕ ಕಲಿತ ಮಳೆಗಾಲ

ಒದ್ದೆ ನಾಯಿಯ ವಾಸನೆ ಕೆಲವರಿಗೆ ಆಗುವುದಿಲ್ಲ. ಹೋದ ವಾರ ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ಖಾಸಗಿ ಬಸ್ಸಿನಲ್ಲಿ ನನ್ನ ಪಕ್ಕ ಕೂತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡಳು. ಕಂಡಕ್ಟರನ್ನು ಕರೆದು ನನ್ನ ಕಾಲ ಬಳಿ ಮಲಗಿದ್ದ ಕೆಂಚಿಯನ್ನು ತೋರಿಸಿದಳು. ಅವನು ಬಂದು ‘ನಾಯಿ ಇಳಿಸ್ಬೇಕು ಕಣಕ್ಕ’ ಅಂದ. ಅವನ ತುಟಿ ನನಗೆ ಸ್ಪಷ್ಟವಾಗಿಯೇ ಓದಲು ಬಂತು. ನಾನು ಕಿವಿ ತೋರಿಸಿ, ಕೇಳಿಸುವುದಿಲ್ಲ ಎಂದು ಕೈಯಾಡಿಸಿ, ಕಿಟಕಿಯ ಕಡೆ ತಿರುಗಿ ಕೂತೆ. ಕಿವಿ ಹೋದದ್ದರಿಂದ ನನಗೆ ಆಗಿರುವ ಲಾಭ ಅಂದರೆ ಇದೊಂದೇ. ಅದನ್ನೂ ಬಿಟ್ಟುಕೊಡಲು ನಾನೇನು ಹುಚ್ಚಿಯೇ? ಅವನು ಇನ್ನೊಂದು ಸಲ ಬಗ್ಗಿದಾಗ ಕೆಂಚಿಯ ಹಳದಿ ಅಂಗಿಯ ಮೇಲೆ ಬರೆದಿದ್ದನ್ನು ಬೆರಳಿಟ್ಟು ತೋರಿಸಿದೆ. ‘ನಾನು ಇವರ ಕಿವಿ’ ಎಂದು ನಾನೇ ನೂಲಿನಲ್ಲಿ ಹೊಲಿದದ್ದು. ಓದಿದ, ತಲೆ ಕೆರೆದುಕೊಂಡ, ಮುಂದೆ ಹೋದ. ನಾವು ಇಳಿಯಲಿಲ್ಲ.

ಬಸ್ಸು ತೆರಕಣಾಂಬಿ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಚೆಂಡು ಹೂವಿನ ಹೊಲಗಳು. ಸೋನೆ ಮಳೆ ಹಿಡಿದಿತ್ತು. ಕೇರಳದ ಕಾರುಗಳನ್ನು ನಿಲ್ಲಿಸಿಕೊಂಡು ಜನ ಛತ್ರಿ ಹಿಡಿದೇ ಹೂವಿನ ನಡುವೆ ಫೋಟೋ ತೆಗೆಸಿಕೊಳ್ಳುತ್ತಿದ್ದರು. ನೆಂದ ಚೆಂಡು ಹೂವಿನ ಆ ಕಟು ವಾಸನೆ ಕಿಟಕಿಯಿಂದ ಒಳಗೆ ಬಂತು, ಕೆಳಗಿನಿಂದ ಕೆಂಚಿಯ ವಾಸನೆ ಬಂತು. ಇವೆರಡೂ ಒಟ್ಟಿಗೆ ಮೂಗಿಗೆ ಬಿದ್ದರೆ ನಾನು ಎಲ್ಲಿದ್ದರೂ ಮೂರು ವರ್ಷ ಹಿಂದಿನ ಆ ಮಳೆಗಾಲಕ್ಕೆ ಹೋಗಿಬಿಡುತ್ತೇನೆ.

ಅದು ಶುರುವಾದದ್ದು ಒಂದು ಕುಕ್ಕರಿನಿಂದ.

ನಾನು ಗುಂಡ್ಲುಪೇಟೆಯ ಒಂದು ಸಣ್ಣ ಬೀದಿಯಲ್ಲಿ ಬಾಡಿಗೆ ಮನೆ ಹಿಡಿದು ರವಿಕೆ ಹೊಲಿಯುವವಳು. ಗಂಡ ತೀರಿಕೊಂಡ ಮೇಲೆ ಒಬ್ಬಳೇ. ಮೂವತ್ತಮೂರು ತುಂಬಿದಾಗ ಒಂದು ಜ್ವರ ಬಂದು ಹೋಯಿತು. ಹೋಗುವಾಗ ಸ್ವಲ್ಪ ಸ್ವಲ್ಪವಾಗಿ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಕಿವಿಗೆ ಮಿಷನ್ನು ಹಾಕಿಕೊಳ್ಳುತ್ತೇನೆ. ಅದನ್ನು ಹಾಕಿಕೊಂಡರೆ ಲೋಕವೆಲ್ಲ ಹಂಡೆಯೊಳಗೆ ಗುಂಯ್ಗುಟ್ಟಿದ ಹಾಗೆ ಇರುತ್ತದೆ, ಮಾತು ಮಾತ್ರ ತುಟಿ ನೋಡಿಯೇ ತಿಳಿಯಬೇಕು. ಆ ದಿನ ಮುಂದಿನ ಕೋಣೆಯಲ್ಲಿ ಹೊಲಿಗೆಗೆ ಕೂತಿದ್ದೆ. ನೆಗಡಿ ಬೇರೆ, ಮೂಗೂ ಕಟ್ಟಿತ್ತು, ತಣ್ಣನೆ ಗಾಳಿಗೆಂದು ಮುಂಬಾಗಿಲು ಹಾಕಿದ್ದೆ. ಒಳಗೆ ಬೇಳೆಗೆ ಇಟ್ಟ ಕುಕ್ಕರು ಎಷ್ಟು ಸಲ ಕೂಗಿತೋ, ನೀರು ಯಾವಾಗ ಆರಿತೋ, ದೇವರಿಗೇ ಗೊತ್ತು. ಯಾರೋ ನನ್ನ ಭುಜ ಹಿಡಿದು ದರದರ ಎಳೆದಾಗ ತಿರುಗಿ ನೋಡಿದರೆ ಮನೆ ತುಂಬ ಹೊಗೆ, ಅಡುಗೆ ಕೋಣೆಯ ಸೂರಿನ ತನಕ ಬೇಳೆ. ಬೀದಿಯ ಜನ ಹಿತ್ತಿಲ ಬಾಗಿಲು ಕಿತ್ತು ಒಳಗೆ ನುಗ್ಗಿದ್ದರು. ನನಗೆ ಒಂದು ಬೊಬ್ಬೆಯೂ ಏಳಲಿಲ್ಲ. ಆದರೆ ಸುದ್ದಿ ಉಡಿಗಾಲ ಮುಟ್ಟಿತು.

ಉಡಿಗಾಲ ನನ್ನ ತವರು. ಅಲ್ಲಿ ನನ್ನ ಅಣ್ಣ ನಂಜುಂಡಪ್ಪ ಅರಿಶಿನ, ಜೋಳ ಬೆಳೆದುಕೊಂಡು ಗಟ್ಟಿಯಾಗಿದ್ದಾನೆ. ಮಾರನೆಯ ದಿನ ಬೆಳಗ್ಗೆಯೇ ಟೆಂಪೋ ತಂದು ಬಾಗಿಲಲ್ಲಿ ನಿಲ್ಲಿಸಿದ.

‘ಸಾಮಾನು ಕಟ್ಟವ್ವ. ಓಗನ’ ಅಂದ. ಅಂದ ಅನ್ನುವುದು ತಪ್ಪು. ಕಿರುಚಿದ. ಅವನ ಕತ್ತಿನ ನರ ಉಬ್ಬಿದ್ದು ನನಗೆ ಕಾಣುತ್ತಿತ್ತು.

‘ಎಲ್ಲಿಗೆ?’

‘ಎಲ್ಲಿಗೆ ಅಂದ್ರೆ? ಊರ್ಗೆ. ರಾಗಿ ಮೂಟೆ ಇಡೋ ರೂಮು ಖಾಲಿ ಮಾಡ್ಸಿವ್ನಿ. ನಿಮ್ಮತ್ತಿಗೆ ಮೂರೊತ್ತೂ ತಟ್ಟೆ ತಂದು ಕೊಡ್ತಾಳೆ. ನೀನು ಏನೂ ಮಾಡ್ಬ್ಯಾಡ, ಸುಮ್ನೆ ಕೂತಿರು.’

ಸುಮ್ಮನೆ ಕೂತಿರು! ನನ್ನ ಅಣ್ಣ ಕೆಟ್ಟವನಲ್ಲ. ನನ್ನ ಮೇಲೆ ಪ್ರಾಣ ಇಟ್ಟವನು. ಅದಕ್ಕೇ ಅವನ ಜೊತೆ ಜಗಳ ಆಡುವುದು ಕಷ್ಟ. ಕೆಟ್ಟವನಾಗಿದ್ದರೆ ಪೊರಕೆ ತೆಗೆದುಕೊಂಡು ಓಡಿಸಿಬಿಡುತ್ತಿದ್ದೆ. ಅವನು ಹೊಲಿಗೆ ಮಿಷನ್ನಿನ ಮೇಲೆ ಕೈ ಇಟ್ಟು ‘ಇದು ಅಟ್ಟದ ಮೇಲಿರ್ತದೆ ಬುಡು’ ಅಂದಾಗ ನನ್ನ ಮೈ ಉರಿದುಹೋಯಿತು. ಆ ರಾಗಿ ಕೋಣೆಯಲ್ಲಿ ತಟ್ಟೆ ಕಾಯುತ್ತಾ ಕೂತರೆ ನಾನು ಮಾದೇವಮ್ಮ ಅಲ್ಲ, ಮನೆಯ ಮೂಲೆಯ ಇನ್ನೊಂದು ಮೂಟೆ.

‘ಚೆಂಡು ಹೂವು ಮುಗಿಯೋಗಂಟ ಟೈಮ್ ಕೊಡಣ್ಣ’ ಅಂದೆ. ಆಗಿನ್ನೂ ಹೊಲಗಳಲ್ಲಿ ಸಸಿ ನೆಡುತ್ತಿದ್ದರು. ‘ಅಷ್ಟರಲ್ಲಿ ನಾನು ಒಬ್ಬಳೇ ಇರಬಲ್ಲೆ ಅಂತ ತೋರಿಸದೇ ಹೋದರೆ ನಾನೇ ಟೆಂಪೋ ಹತ್ತುತ್ತೀನಿ. ತೋರಿಸಿದರೆ ಇನ್ನೊಂದು ಸಲ ಟೆಂಪೋ ತರಕೂಡದು.’

ಅವನು ಗೋಡೆಗಂಟಿದ ಬೇಳೆಯನ್ನು ಉಗುರಿನಿಂದ ಕೆರೆದ. ಆಮೇಲೆ ‘ಆಯ್ತು ಕಣಮ್ಮಿ, ಹೂವು ಮುಗಿಯೋಗಂಟ’ ಅಂದು ಹೋದ.

ಹೇಗೆ ತೋರಿಸುವುದೋ ನನಗೂ ಗೊತ್ತಿರಲಿಲ್ಲ. ಕಿವಿ ಮಿಷನ್ನಿಗೆ ಬ್ಯಾಟರಿ ತರಲು ಚಾಮರಾಜನಗರಕ್ಕೆ ಹೋದಾಗ, ಅಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿಯ ಹತ್ತಿರ ಇದನ್ನೆಲ್ಲ ಹೇಳಿಕೊಂಡು ಅತ್ತೆ. ಆಕೆ ಒಂದು ಚೀಟಿಯಲ್ಲಿ ವಿಳಾಸ ಬರೆದುಕೊಟ್ಟಳು. ತೆರಕಣಾಂಬಿಯ ಆಚೆ, ಹೂವಿನ ಹೊಲದ ನಡುವೆ ಒಂದು ತಗಡಿನ ಶೆಡ್ಡು. ಕಿವಿ ಕೇಳದವರಿಗೆ ನಾಯಿ ಪಳಗಿಸಿ ಕೊಡುವ ಜಾಗ. ಕುರುಡರಿಗೆ ನಾಯಿ ಎಂದು ಕೇಳಿದ್ದೆ. ಕಿವುಡರಿಗೂ ನಾಯಿಯೇ ಎಂದು ನಗು ಬಂತು. ಆದರೂ ಹೋದೆ.

ಅಲ್ಲಿ ಕಲಿಸುವವರು ವರ್ಗೀಸ್ ಮೇಷ್ಟ್ರು. ಕೇರಳದ ಬತ್ತೇರಿ ಕಡೆಯವರು, ಅರವತ್ತರ ಆಸುಪಾಸು. ಕಾಡಿನಲ್ಲಿ ಕಳ್ಳರ ಜಾಡು ಹಿಡಿಯುವ ನಾಯಿಗಳನ್ನು ಪಳಗಿಸಿ ರಿಟೈರಾದವರು. ಶಿಸ್ತು ಅಂದರೆ ಶಿಸ್ತು. ಮೊದಲ ದಿನ ಅರ್ಧ ಗಂಟೆ ಪಾಠ ಹೇಳಿದರು. ನನಗೆ ಒಂದಕ್ಷರ ತಿಳಿಯಲಿಲ್ಲ. ಅವರ ಮೀಸೆ ಎರಡೂ ತುಟಿ ಮುಚ್ಚಿ ಗಲ್ಲದ ತನಕ ಇಳಿದಿತ್ತು.

‘ಮೇಷ್ಟ್ರೇ, ನೀವು ನಾಳೆ ಮೀಸೆ ಕತ್ತರಿಸಿಕೊಂಡು ಬನ್ನಿ. ಇಲ್ಲದಿದ್ದರೆ ನಾನು ಬರುವುದಿಲ್ಲ’ ಅಂದೆ.

ಶೆಡ್ಡಿನಲ್ಲಿದ್ದವರೆಲ್ಲ ಗಾಬರಿಯಾದರು. ಮೇಷ್ಟ್ರ ಮುಖ ಕೆಂಡವಾಯಿತು. ಆದರೆ ಮಾರನೆಯ ದಿನ ಹೋದರೆ ಮೇಲ್ತುಟಿ ಕಾಣುತ್ತಿತ್ತು! ‘ಮೂವತ್ತು ವರ್ಷದ ಮೀಸೆ, ಮಾದೇವಮ್ಮ. ನೀವು ಪಾಸ್ ಆಗದಿದ್ದರೆ ನಾನು ನಿಮ್ಮನ್ನು ಕ್ಷಮಿಸುವುದಿಲ್ಲ, ಕೇಟ್ಟೋ’ ಅಂದರು, ಕೇಳಿತಾ ಅನ್ನುವುದಕ್ಕೆ ಅವರ ಮಲೆಯಾಳ. ಆ ದಿನದಿಂದ ಆ ಮನುಷ್ಯನ ಮೇಲೆ ನನಗೆ ಗೌರವ.

ಜುಲೈ ಪೂರ್ತಿ ದಿನಾ ಬೆಳಗ್ಗೆ ಬಸ್ಸು ಹತ್ತಿ ಅಲ್ಲಿಗೆ ಹೋಗುತ್ತಿದ್ದೆ. ಕೆಲಸ ಕೇಳಲು ಸುಲಭ. ಸದ್ದಾದರೆ ನಾಯಿ ಬಂದು ಮೂಗಿನಿಂದ ನಮ್ಮ ಮೊಣಕಾಲು ಮುಟ್ಟಬೇಕು. ನಾವು ಕೈ ಬಿಚ್ಚಿ ‘ಎಲ್ಲಿ?’ ಅನ್ನಬೇಕು. ಅದು ಸದ್ದಾದ ಕಡೆಗೆ ಕರೆದುಕೊಂಡು ಹೋಗಬೇಕು. ಬಾಗಿಲ ಬೆಲ್ಲು, ಕುಕ್ಕರು, ಹೊಗೆಗೆ ಕೂಗುವ ಅಲಾರಮ್ಮು, ನಮ್ಮ ಹೆಸರು, ಹೀಗೆ ನಾಲ್ಕು ಸದ್ದು ಕಲಿತರೆ ಪಾಸು. ಯಾರಿಗೆ ಯಾವ ನಾಯಿ ಎಂದು ಮೇಷ್ಟ್ರು ಜಾತಕ ಕೂಡಿಸುವವರ ಹಾಗೆ ವಾರಗಟ್ಟಲೆ ನೋಡಿ ತೀರ್ಮಾನಿಸುತ್ತಿದ್ದರು. ನನಗೆ ಅಂತ ತೆಗೆದಿಟ್ಟಿದ್ದು ಬಿಳಿ ಲ್ಯಾಬ್ರಡಾರು. ರಾಜನ ಹಾಗಿತ್ತು, ರಾಜನ ಹಾಗೇ ಸೋಮಾರಿ. ಕುಕ್ಕರು ಕೂಗಿದರೆ ಬಂದು ಒಂದು ಸಲ ಮುಟ್ಟುತ್ತಿತ್ತು. ನಾನು ಎಳೆಯುತ್ತಿರುವ ದಾರ ಮುಗಿಸಿ ಏಳೋಣ ಎಂದು ಅಲುಗಾಡದಿದ್ದರೆ, ತನ್ನ ಕೆಲಸ ಆಯಿತೆಂದು ಮಲಗಿಬಿಡುತ್ತಿತ್ತು.

ಪಕ್ಕದ ಗೂಡಿನಲ್ಲಿ ಒಂದು ಬೀದಿ ನಾಯಿ ಇತ್ತು. ಕೆಂಚು ಬಣ್ಣ, ಒಂದು ಕಿವಿ ಮಡಚಿಕೊಂಡಿದೆ, ಬಸ್ ಸ್ಟ್ಯಾಂಡಿನಿಂದ ಎತ್ತಿ ತಂದದ್ದು. ಅಭ್ಯಾಸದಲ್ಲಿ ಅದು ನಾನು ಏಳುವ ತನಕ ಬಿಡುತ್ತಿರಲಿಲ್ಲ. ಮೂಗಿನಿಂದ ತಿವಿಯುತ್ತಿತ್ತು, ಕಾಲಿನಿಂದ ಕೆರೆಯುತ್ತಿತ್ತು, ಆಗಲಿಲ್ಲವೆಂದರೆ ಸೀರೆ ಹಿಡಿದು ಎಳೆಯುತ್ತಿತ್ತು.

‘ನನಗೆ ಇವಳನ್ನು ಕೊಡಿ’ ಅಂದೆ.

‘ಅಯ್ಯೋ, ಅದು ಬಹಳ ಹಠ. ಲ್ಯಾಬ್ ಮರ್ಯಾದೆಯ ನಾಯಿ.’

‘ಮರ್ಯಾದೆ ಇಟ್ಟುಕೊಂಡು ನಾನೇನು ಮಾಡಲಿ ಮೇಷ್ಟ್ರೇ? ನನಗೆ ನನ್ನಷ್ಟೇ ಹಠ ಇರೋಳು ಬೇಕು.’

ಡೈಸಿ ಅಂತ ಅವಳನ್ನು ಕರೆಯುತ್ತಿದ್ದರು. ನಾನು ಕೆಂಚಿ ಅಂದೆ. ಹೆಸರು ಬದಲಿಸಬಾರದು ಎಂಬ ನಿಯಮವಿತ್ತು; ಬದಲಿಸಿದೆ. ಬಹುಮಾನಕ್ಕೆ ಬೇಯಿಸಿದ ಕೋಳಿಯ ಲಿವರು ಕೊಡಬೇಕೆಂಬ ನಿಯಮವಿತ್ತು. ಲಿಂಗ ಹಿಡಿದು ಪೂಜೆ ಮಾಡುವ ಕೈಯಲ್ಲಿ ಅದನ್ನು ಮುಟ್ಟುವುದಿಲ್ಲ ಎಂದೆ. ಹಾಗಾದರೆ ಆಗುವುದಿಲ್ಲ ಎಂದು ಮೇಷ್ಟ್ರು ಕೈ ಕಟ್ಟಿಕೊಂಡು ನಿಂತರು. ನಾನು ಸೆರಗಿನ ಗಂಟಿನಿಂದ ಒಣಕೊಬ್ಬರಿಯ ಒಂದು ಸಣ್ಣ ಚೂರು ತೆಗೆದು ಕೊಟ್ಟೆ. ಕೆಂಚಿ ಅದನ್ನು ಕಟಕಟ ಅಗಿದು, ಇನ್ನೊಂದು ಚೂರಿಗೆ ನನ್ನ ಸೊಂಟದ ತನಕ ನೆಗೆದಳು. ಮೇಷ್ಟ್ರು ಪುಸ್ತಕದಲ್ಲಿ ‘ಕೊಬ್ಬರಿ’ ಎಂದು ಬರೆದುಕೊಂಡರು.

ತಿಂಗಳು ಮುಗಿದಾಗ ಮನೆಗೆ ಕರೆದುಕೊಂಡು ಬಂದೆ. ಮನೆಯಲ್ಲಿ ಒಂದು ತಿಂಗಳು ನೋಡಿ, ಆಮೇಲೆ ಮೇಷ್ಟ್ರೇ ಬಂದು ಪರೀಕ್ಷೆ ಮಾಡುವುದು, ಪಾಸಾದರೆ ನಾಯಿ ನನ್ನದು, ಇಲ್ಲದಿದ್ದರೆ ವಾಪಸು. ಅವರೇ ಬಂದು ಬಾಗಿಲಿಗೆ ಬ್ಯಾಟರಿ ಬೆಲ್ಲು ಹಾಕಿಕೊಟ್ಟು ಹೋದರು. ಹೋಗುವಾಗ ಬೆರಳೆತ್ತಿ ‘ಬೇರೆಯವರು ಯಾರೂ ಇದಕ್ಕೆ ತಿನ್ನಲು ಕೊಡಬಾರದು. ಒಂದು ಕಾಳು ಕೂಡ’ ಅಂದರು.

ಮೊದಲ ರಣರಂಗ ನನ್ನ ಹೊಸ್ತಿಲು. ಮನೆಯ ಒಡತಿ ಪುಟ್ಟತಾಯವ್ವ ಪಕ್ಕದ ಮನೆಯಲ್ಲೇ ಇರುವುದು. ಎಪ್ಪತ್ತು ದಾಟಿದ ಮುದುಕಿ. ಬಾಯಲ್ಲಿ ಸದಾ ಎಲೆ ಅಡಿಕೆ, ಹೀಗಾಗಿ ಅವಳ ತುಟಿ ಓದುವುದು ಬ್ರಹ್ಮವಿದ್ಯೆ. ಕೆಂಚಿ ಒಳಗೆ ಕಾಲಿಟ್ಟದ್ದೇ ತಡ, ಎಲೆ ಅಡಿಕೆ ಉಗಿದು ಬಂದಳು.

‘ದೇವ್ರು ಇಟ್ಟಿರೋ ಮನೆ ಒಳಿಕ್ಕೆ ನಾಯಿ ಸೇರಿಸ್ಕತ್ತಿಯಲ್ಲವ್ವ! ಜಗುಲೀಲಿ ಕಟ್ಟಾಕು.’

‘ಅಡುಗೆ ಕೋಣೆಯ ಕುಕ್ಕರು ನಾಯಿಗೆ ಕೇಳಿಸಿ, ಅದು ಎದ್ದು ಬಂದು ನನಗೆ ಹೇಳಬೇಕಾದರೆ ಒಳಗೇ ಇರಬೇಕು ಕಣವ್ವ. ಇಲ್ಲದಿದ್ದರೆ ಈ ಸಲ ನಿನ್ನ ಮನೆಯ ಸೂರೇ ಹಾರಿಹೋದೀತು, ನೋಡು.’

ಸೂರಿನ ಮಾತು ಕೇಳಿ ತಲೆ ಎತ್ತಿ ಮೇಲೆ ನೋಡಿದಳು. ದೇವರ ಗೂಡಿಗೆ ಒಂದು ಪರದೆ ಹೊಲಿದು ಹಾಕು ಅಂದಳು. ಹಾಕಿದೆ.

ಮೊದಲ ವಾರ ಸೊಗಸಾಗಿ ಹೋಯಿತು. ಎರಡನೆಯ ವಾರ ಕೆಂಚಿ ಕೆಟ್ಟಳು. ಕೆಡಿಸಿದ್ದು ನಮ್ಮ ಬೀದಿಯ ಪುಣ್ಯ! ನಮ್ಮ ಕಡೆ ನಾಯಿಯನ್ನು ಹೊಸ್ತಿಲು ದಾಟಿಸುವುದಿಲ್ಲ. ಆದರೆ ಬಾಗಿಲಿಗೆ ಬಂದ ನಾಯಿಗೆ ಒಂದು ತುತ್ತು ಹಾಕದೆ ತಾನು ಉಣ್ಣುವವರೂ ಇಲ್ಲ. ನನ್ನ ಬಾಗಿಲು ಗಿರಾಕಿಗಳಿಗೆಂದು ಹಗಲೆಲ್ಲ ತೆರೆದೇ ಇರುವುದು. ಎಲ್ಲೋ ಒಂದು ಮನೆಯ ಚಿಲಕ ಸದ್ದಾದರೆ ಸಾಕು, ಕೆಂಚಿ ಕಿವಿ ನಿಮಿರಿಸಿ ಆ ಮನೆಗೆ ಓಡುವಳು. ಅಲ್ಲಿ ಮುದ್ದೆ, ಇಲ್ಲಿ ಮೊಸರನ್ನ, ಇನ್ನೊಂದು ಕಡೆ ಹಬ್ಬದ ಒಬ್ಬಟ್ಟು. ಹೊಟ್ಟೆ ಬಿರಿಯ ತಿಂದು ಬಂದು ನನ್ನ ಮಿಷನ್ನಿನ ಕೆಳಗೆ ಅಡ್ಡ ಬೀಳುವಳು. ಕೊಬ್ಬರಿ ತೋರಿಸಿದರೆ ಮುಖ ತಿರುಗಿಸುವಳು. ಹೊಟ್ಟೆ ತುಂಬಿದವಳಿಗೆ ನನ್ನ ಕುಕ್ಕರಿನ ಚಿಂತೆ ಯಾಕೆ?

ಇದರ ನಡುವೆ ಒಂದು ಮಧ್ಯಾಹ್ನ ಗಾಳಿ ಮಳೆ ಎಂದು ಬಾಗಿಲು ಹಾಕಿ ಹೊಲಿಯುತ್ತಿದ್ದೆ. ಅಣ್ಣ ಬಂದ. ಚಿಲಕ ಅಲ್ಲಾಡಿಸಿದ, ಕೂಗಿದ, ಬಡಿದ. ಕಾಲು ಗಂಟೆ ಮಳೆಯಲ್ಲಿ ನಿಂತಿದ್ದನಂತೆ. ಕೊನೆಗೆ ಕಿಟಕಿಯ ಹತ್ತಿರ ಬಂದು ಕೈಯಾಡಿಸಿದಾಗ ನನಗೆ ಕಂಡ. ಒಳಗೆ ಬಂದವನ ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಕೆಂಚಿ ಕಾಲು ನಾಲ್ಕೂ ಚಾಚಿ ಮಲಗಿದ್ದಳು.

‘ಏನವ್ವಾ, ನಿನ್ ನಾಯಿಗೂ ಕಿವಿ ಕೇಳಲ್ವಾ?’ ಅಂದ.

ಅವನು ಕುಹಕಕ್ಕೆ ಕೇಳಲಿಲ್ಲ, ನೊಂದು ಕೇಳಿದ. ಅದು ಇನ್ನೂ ಚುಚ್ಚಿತು. ಅವನು ತಲೆ ಒರೆಸಿಕೊಂಡು ಕಾಫಿ ಕುಡಿದು ಹೋದ ಮೇಲೆ ನಾನು ಆ ನಾಯಿಯ ಎದುರು ಕೂತು ಬಾಯಿಗೆ ಬಂದಂತೆ ಬೈದೆ. ಅವಳು ತಲೆ ಓರೆ ಮಾಡಿ ನೋಡುತ್ತಿದ್ದಳು. ಪರೀಕ್ಷೆಗೆ ಇನ್ನು ಮೂರೇ ವಾರ ಇತ್ತು. ರಸ್ತೆ ಬದಿಯ ಹೊಲಗಳಲ್ಲಿ ಆಗಲೇ ಎರಡನೆಯ ಕೊಯ್ಲಿನ ಹೂವಿನ ಚೀಲಗಳು ಲಾರಿ ಹತ್ತುತ್ತಿದ್ದವು.

ಸಿಟ್ಟು ಇಳಿಯಲಿಲ್ಲ. ಸೀದಾ ಪುಟ್ಟತಾಯವ್ವನ ಜಗುಲಿಗೆ ಹೋದೆ.

‘ಅವ್ವಾ, ನೀವೆಲ್ಲ ಸೇರಿ ನನ್ನನ್ನು ಉಡಿಗಾಲಕ್ಕೆ ಕಳಿಸ್ತಿದ್ದೀರಿ ಕಣವ್ವ. ನನ್ನ ನಾಯಿಗೆ ಅನ್ನ ಹಾಕಬೇಡಿ.’

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ‘ಬಾಗ್ಲಿಗೆ ಬಂದ ಬಾಯಿಲ್ಲದ ಪ್ರಾಣಿಗೆ ಇಲ್ಲ ಅನ್ನಕ್ಕಾದದಾ? ನಮ್ಮತ್ತೆ ಕಾಲ್ದಿಂದ ನಾನು ನಾಯಿಗೆ ತುತ್ತಾಕ್ದೆ ಉಂಡಿಲ್ಲ. ನಿನ್ ಮೇಷ್ಟ್ರು ಏಳ್ದ ಅಂತ ಬುಟ್ಬುಡ್ಲಾ?’

ನನ್ನ ಅಮ್ಮನೂ ಹಾಗೇ ಇದ್ದಳು. ಉಣ್ಣುವ ಮುಂಚೆ ಎಡಗೈಯಲ್ಲಿ ಒಂದು ತುತ್ತು ಮುರಿದು ಬಾಗಿಲಿಗೆ ಹೋಗುತ್ತಿದ್ದಳು. ಆ ತುತ್ತನ್ನು ನಿಲ್ಲಿಸಿ ಎಂದು ನಾನು ಈ ಮುದುಕಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ? ಆ ಹೊತ್ತಿಗೆ ಎದುರು ಮನೆಯ ಬಾಗಿಲು ತೆರೆಯಿತು. ಮಲಗಿದ್ದ ಕೆಂಚಿ ಧಡಕ್ಕನೆ ಎದ್ದು ಕಿವಿ ನೆಟ್ಟಗೆ ಮಾಡಿದಳು. ನನಗೆ ಕೇಳಿಸದ ಆ ಚಿಲಕ ಅವಳಿಗೆ ಊಟದ ಗಂಟೆಯಾಗಿತ್ತು. ಅಯ್ಯೋ ನನ್ನ ದಡ್ಡತನವೇ! ಇವಳಿಗೆ ಕಿವಿ ಚೆನ್ನಾಗೇ ಇದೆ, ಕಲಿಯುವುದನ್ನೂ ಕಲಿತಿದ್ದಾಳೆ. ಕಲಿಸುತ್ತಿದ್ದದ್ದು ಬೀದಿ, ನಾನಲ್ಲ.

‘ಸರಿ ಕಣವ್ವ, ತುತ್ತು ಹಾಕು’ ಅಂದೆ. ‘ಆದರೆ ನಿನ್ನ ಬಾಗಿಲಲ್ಲಿ ಬೇಡ, ನನ್ನ ಬಾಗಿಲಿಗೆ ತಂದು ಹಾಕು. ಚಿಲಕ ಅಲ್ಲಾಡಿಸು, ಮಾದೇವಕ್ಕಾ ಅಂತ ಕರಿ, ಸುಮ್ಮನೆ ನಿಂತುಕೋ. ಒಳಗೆ ಬರಬೇಡ. ಕೆಂಚಿ ನನ್ನನ್ನು ಕರೆದುಕೊಂಡು ಬಂದರೆ ತುತ್ತನ್ನು ನನ್ನ ಕೈಗೆ ಕೊಡು, ನಾನು ಅವಳಿಗೆ ಕೊಡ್ತೀನಿ. ಕರೆದುಕೊಂಡು ಬರದಿದ್ದರೆ ತುತ್ತು ಕಾಗೆಗೆ ಹಾಕು.’

‘ತುತ್ತು ಎಷ್ಟು ದಪ್ಪ?’

‘ಗೋಲಿಯಷ್ಟು.’

‘ಗೋಲಿಯಷ್ಟಾ! ಅದ್ಯಾವ ಸೀಮೆ ಪುಣ್ಯವ್ವ?’ ಅಂದಳು. ಆದರೂ ಒಪ್ಪಿದಳು. ಸಂಜೆಯೊಳಗೆ ಮನೆ ಮನೆಗೆ ಹೋಗಿ ಅವಳೇ ಹೇಳಿ ಬಂದಳು. ನಾನು ಹೇಳಿದ್ದರೆ ಕಿವುಡಿಯ ಮಾತೆಂದು ನಕ್ಕು ಬಿಡುತ್ತಿದ್ದರು. ಪುಟ್ಟತಾಯವ್ವನ ಮಾತನ್ನು ತೆಗೆದುಹಾಕುವ ಎದೆ ಆ ಬೀದಿಯಲ್ಲಿ ಯಾರಿಗಿದೆ?

ಆ ಮೂರು ವಾರ ನನ್ನ ಮನೆ ಇಸ್ಕೂಲಾಯಿತು. ಮೊದಲ ಎರಡು ದಿನ ಕೆಂಚಿಗೆ ಬೀದಿಯ ಬಾಗಿಲುಗಳೆಲ್ಲ ಯಾಕೆ ಮುಚ್ಚಿದವೆಂದು ತಿಳಿಯದೆ ಊಟವೇ ಸೇರಲಿಲ್ಲ. ತುತ್ತು ತಂದವರು ಚಿಲಕ ಅಲ್ಲಾಡಿಸಿದರೆ ತಾನೊಬ್ಬಳೇ ಹೋಗಿ ಬಾಲ ಅಲ್ಲಾಡಿಸುವಳು, ಅವರು ತುತ್ತನ್ನು ಕಾಗೆಗೆ ಹಾಕುವರು, ಅವಳ ಕಣ್ಣೆದುರಿಗೇ. ಮೂರನೆಯ ದಿನ ಬೆಳಗ್ಗೆ ಹೊಲಿಯುತ್ತಾ ಕೂತಿದ್ದಾಗ ಮೊಣಕಾಲಿಗೆ ತಣ್ಣನೆಯ ಮೂಗು ತಗುಲಿತು. ‘ಎಲ್ಲಿ?’ ಅಂದೆ. ಬಾಗಿಲಿಗೆ ಕರೆದೊಯ್ದಳು. ಮೂರು ಮನೆ ಆಚೆಯ ಹೆಂಗಸು ಗೋಲಿಯಷ್ಟು ಮುದ್ದೆ ಹಿಡಿದು ನಿಂತಿದ್ದಳು. ನಾನು ಅಲ್ಲೇ ಹೊಸ್ತಿಲ ಮೇಲೆ ಕೂತು ಕೆಂಚಿಯ ಕತ್ತು ತಬ್ಬಿಕೊಂಡೆ. ಆ ಹೆಂಗಸಿಗೂ ಕಣ್ಣು ತುಂಬಿತು. ಯಾಕೆಂದು ಅವಳಿಗೂ ಗೊತ್ತಿರಲಾರದು.

ಒಂದು ತಪ್ಪು ಒಪ್ಪಿಕೊಳ್ಳಬೇಕು. ಈ ಸಂಭ್ರಮದಲ್ಲಿ ಮೇಷ್ಟ್ರು ಹಾಕಿದ ಬೆಲ್ಲನ್ನು ನಾನು ಮರೆತೇಬಿಟ್ಟೆ. ಬೀದಿಯಲ್ಲಿ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ. ಕರೆಂಟು ಹೊಡೆಯುತ್ತದೆ ಎಂದು ಪುಟ್ಟತಾಯವ್ವ ಎಲ್ಲರನ್ನೂ ಹೆದರಿಸಿದ್ದಳು.

ಗೌರಿ ಹಬ್ಬಕ್ಕೆ ವಾರ ಇದ್ದಾಗ ಮೇಷ್ಟ್ರು ಪರೀಕ್ಷೆಗೆ ಬಂದರು. ಅಣ್ಣನೂ ಬಂದ. ಟೆಂಪೋ ಸಮೇತ. ಬರುವ ದಾರಿಯಲ್ಲಿ ಕೊನೆಯ ಹೂವು ಕೊಯ್ಯುತ್ತಿದ್ದದ್ದನ್ನು ನೋಡಿಕೊಂಡೇ ಬಂದಿದ್ದನಂತೆ. ಮೇಷ್ಟ್ರು ಅಚ್ಚು ಹಾಕಿಸಿದ ಕಾಗದ ತೆಗೆದರು. ನಾನು ಕಿವಿ ಮಿಷನ್ನು ಬಿಚ್ಚಿಟ್ಟು, ಬಾಗಿಲಿಗೆ ಬೆನ್ನು ಹಾಕಿ ಹೊಲಿಗೆಗೆ ಕೂತೆ. ಕುಕ್ಕರಿಗೆ ಕೆಂಚಿ ಬಂದಳು. ಅಲಾರಮ್ಮಿಗೆ ಬಂದಳು. ಹೆಸರಿಗೆ ಬಂದಳು. ಆಮೇಲೆ ಮೇಷ್ಟ್ರು ಹೊರಗೆ ಹೋಗಿ ಬೆಲ್ಲು ಒತ್ತಿದರಂತೆ. ನನಗೆ ಕಂಡದ್ದು ಇಷ್ಟೇ: ಮಿಷನ್ನಿನ ಪಕ್ಕ ಮಲಗಿದ್ದ ಕೆಂಚಿ ತಲೆ ಎತ್ತಿದಳು, ಮತ್ತೆ ಇಳಿಸಿದಳು. ಎರಡನೆಯ ಸಲ ಕಿವಿ ಮಾತ್ರ ಅಲುಗಿತು. ಮೂರನೆಯ ಸಲ ಅದೂ ಇಲ್ಲ.

ಮೇಷ್ಟ್ರು ಒಳಗೆ ಬಂದರು. ಮುಖ ಬಾಡಿತ್ತು. ‘ನಾಲ್ಕರಲ್ಲಿ ಮೂರು, ಮಾದೇವಮ್ಮ. ಬಾಗಿಲು ಗೊತ್ತಾಗದ ನಾಯಿಯನ್ನು ನಾನು ಕೊಡುವಂತಿಲ್ಲ. ನಿಯಮ’ ಅಂದು ಕೆಂಚಿಯ ಕತ್ತಿನ ಹಗ್ಗಕ್ಕೆ ಕೈ ಹಾಕಿದರು. ಅದೇ ಹೊತ್ತಿಗೆ ಅಣ್ಣ ನನ್ನ ಹೊಲಿಗೆ ಮಿಷನ್ನಿನ ಮೇಲಿದ್ದ ಬಟ್ಟೆಗಳನ್ನು ಮೆಲ್ಲಗೆ ಮಡಚತೊಡಗಿದ.

ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ.

‘ಕೊಡಲ್ಲ’ ಅಂದೆ. ‘ಅಣ್ಣಾ, ಆ ಬಟ್ಟೆ ಕೆಳಗಿಡು. ಮೇಷ್ಟ್ರೇ, ಈ ಬೀದಿಯಲ್ಲಿ ಬೆಲ್ಲು ಒತ್ತುವವರು ಯಾರು ಹೇಳಿ? ನೀವೊಬ್ಬರೇ. ಎಂದೋ ಒಮ್ಮೆ ಬರುವ ನಿಮಗೋಸ್ಕರ ನಾನು ನಾಯಿ ಸಾಕಲಾ? ನನ್ನ ಬಾಗಿಲಿಗೆ ಜನ ಹೇಗೆ ಬರುತ್ತಾರೋ ಅದನ್ನು ಪರೀಕ್ಷೆ ಮಾಡಿ. ಮಧ್ಯಾಹ್ನದ ತನಕ ಆ ಮೂಲೆಯಲ್ಲಿ ಕೂತ್ಕೊಳ್ಳಿ, ಇಬ್ಬರೂ. ಅಷ್ಟು ಮಾಡದೆ ನನ್ನ ನಾಯಿಯನ್ನು ಮುಟ್ಟಿದರೆ ಸರಿ ಇರಲ್ಲ.’

ನನ್ನ ಗಂಟಲು ಎಷ್ಟು ಏರಿತ್ತೋ, ಇಬ್ಬರೂ ಮೂಲೆಗೆ ಹೋಗಿ ಕೂತರು.

ನಾನು ಮತ್ತೆ ಬೆನ್ನು ಹಾಕಿ ಹೊಲಿಯತೊಡಗಿದೆ. ಎರಡು ಸಲ ದಾರ ತುಂಡಾಯಿತು. ಸ್ವಲ್ಪ ಹೊತ್ತಿಗೆ ಮೂಗು ಮೊಣಕಾಲಿಗೆ ತಗುಲಿತು. ಬಾಗಿಲಲ್ಲಿ ಪುಟ್ಟತಾಯವ್ವ, ಪರೀಕ್ಷೆಯ ಗೊಡವೆಯೇ ಇಲ್ಲದೆ, ದಿನದಂತೆ ತನ್ನ ತುತ್ತು ಹಿಡಿದು ನಿಂತಿದ್ದಳು. ಆಮೇಲೆ ರವಿಕೆ ಅಳತೆ ಕೊಡುವವಳು ಬಂದಳು. ಆಮೇಲೆ ಸೊಪ್ಪಿನವಳು. ಪ್ರತಿ ಸಲ ಮೂಗು, ‘ಎಲ್ಲಿ?’, ಬಾಗಿಲು. ಒಂದೂ ತಪ್ಪಲಿಲ್ಲ. ಮೇಷ್ಟ್ರ ಮನಸ್ಸು ತಿರುಗಿದ್ದು ಇವುಗಳಿಂದಲ್ಲ ಎಂದು ಅವರೇ ಆಮೇಲೆ ಹೇಳಿದರು. ಎದುರು ಮನೆಯ ಚಿಲಕ ಸದ್ದಾದಾಗ ಕೆಂಚಿ ಕಿವಿ ನಿಮಿರಿಸಿದಳಂತೆ, ಆ ಕಡೆ ನೋಡಿದಳಂತೆ, ಏಳಲಿಲ್ಲವಂತೆ. ಅದು ನಮ್ಮ ಬಾಗಿಲಲ್ಲ ಎಂದು ಅವಳಿಗೆ ಗೊತ್ತಿತ್ತು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. ಕಾಗದದಲ್ಲಿ ಬೆಲ್ ಎಂದು ಅಚ್ಚಾಗಿದ್ದುದರ ಮೇಲೆ ಗೀಟು ಎಳೆದು, ಪಕ್ಕದಲ್ಲಿ ‘ಚಿಲಕ’ ಎಂದು ಬರೆದು, ಸರಿ ಗುರುತು ಹಾಕಿದರು. ಅವರ ಹೊಸ ಕಾಗದದಲ್ಲಿ ಈಗ ಅದು ಅಚ್ಚಾಗಿಯೇ ಬರುತ್ತದೆ. ‘ನನ್ನ ಮೀಸೆ ದಂಡವಾಗಲಿಲ್ಲ’ ಅಂದು ಕೆಂಚಿಯ ತಲೆ ಸವರಿ, ಚಾಮರಾಜನಗರದ ಬಸ್ಸಿಗೆ ಹೊರಟರು.

ಅಣ್ಣ ಎದ್ದು ಟೆಂಪೋ ಕಡೆ ಹೋದ. ಹೋಗಲಿ ಬಿಡು, ಸಿಟ್ಟು ಬಂದಿದ್ದರೆ ಅವನಿಗೇ ಕಷ್ಟ ಅಂದುಕೊಂಡೆ. ಅವನು ಮಡಚಿಟ್ಟ ಬಟ್ಟೆಗಳನ್ನು ಬಿಚ್ಚಿ, ಗೌರಿ ಹಬ್ಬದ ರವಿಕೆಯೊಂದನ್ನು ಮಿಷನ್ನಿಗೆ ಕೊಟ್ಟೆ.

ಕೆಂಚಿಯ ಮೂಗು ಮೊಣಕಾಲಿಗೆ ಬಂತು. ‘ಎಲ್ಲಿ?’ ಅಂದೆ. ಬಾಗಿಲಿಗೆ ಕರೆದೊಯ್ದಳು. ಅಣ್ಣ ನಿಂತಿದ್ದ. ಚಿಲಕದ ಹತ್ತಿರವೂ ಇರಲಿಲ್ಲ. ಮೆಟ್ಟಿಲ ಕೆಳಗೆ ಕೈ ಕಟ್ಟಿಕೊಂಡು ನಿಂತಿದ್ದ. ಅವನ ಕತ್ತಿನ ನರ ಉಬ್ಬಿರಲಿಲ್ಲ. ಮುಖ ಮಾತ್ರ ಅಳು ತಡೆದುಕೊಂಡವನ ಹಾಗೆ ಇತ್ತು.

ಪಕ್ಕದ ಜಗುಲಿಯಿಂದ ಪುಟ್ಟತಾಯವ್ವ ಕೈಯಾಡಿಸಿದಳು. ಎಲೆ ಅಡಿಕೆ ಉಗಿದು, ತುಟಿ ಬಿಡಿಸಿ ಬಿಡಿಸಿ ಹೇಳಿದಳು: ‘ಮೆತ್ತಗೆ ಕರ್ದ ಕಣವ್ವ, ಮಾದೇವಿ ಅಂತ. ನಂಗೇ ಸರ್ಯಾಗಿ ಕೇಳ್ನಿಲ್ಲ.’

ಕಿವಿ ಹೋಗಿ ಹನ್ನೊಂದು ವರ್ಷ. ಆ ಹನ್ನೊಂದು ವರ್ಷದಲ್ಲಿ ನನ್ನ ಹೆಸರನ್ನು ಯಾರೂ ಮೆತ್ತಗೆ ಕರೆದಿರಲಿಲ್ಲ. ಕೂಗಿದ್ದರು, ಕಿರುಚಿದ್ದರು, ಭುಜ ಹಿಡಿದು ಅಲ್ಲಾಡಿಸಿದ್ದರು. ಪ್ರೀತಿ ಇದ್ದವರೂ ಮುಖ ಗಂಟಿಕ್ಕಿಕೊಂಡೇ ಪ್ರೀತಿ ತೋರಿಸಬೇಕಾಗಿತ್ತು. ಚಿಕ್ಕವಳಿದ್ದಾಗ ಹೊಲದ ಬದುವಿನಲ್ಲಿ ಇವನು ಮಾದೇವಿ ಎಂದು ಹೇಗೆ ಕರೆಯುತ್ತಿದ್ದ ಎಂಬುದು ನನಗೆ ಮರೆತೇಹೋಗಿತ್ತು.

‘ಟೆಂಪೋ ಖಾಲಿ ಓಯ್ತದೆ ಬುಡು’ ಅಂದ ಅಣ್ಣ.

ನಾನು ಒಳಗೆ ಹೋಗಿ, ಮತ್ತೆ ಬಾಗಿಲಿಗೆ ಬೆನ್ನು ಹಾಕಿ ಕೂತೆ. ಕೂತಲ್ಲಿಂದಲೇ ಹೇಳಿದೆ:

‘ಇನ್ನೊಂದ್ಸಲ ಕರಿ ಅಣ್ಣ. ಅಷ್ಟೇ ಮೆತ್ತಗೆ ಕರಿ.’

ಮೊಣಕಾಲಿಗೆ ಮೂಗು ಬಂತು.